ಡಬ್ಬಿ ಮೇಲಿನ ಚೀಟಿ: ನೈಜೀರಿಯಾದ ಪುಟ್ಟ ಮೀನೊಂದರ ಹೆಸರಿನೊಳಗೆ ಇಳಿದಾಗ

ಈ ಸಂಚಿಕೆ ಶುರುವಾಗೋದು ಹೋದ ತಿಂಗಳ ಒಂದು ಭಾನುವಾರ, ನಾನು ಮಾಡಿದ ಒಂದು ದಡ್ಡ ಕೆಲಸದಿಂದ.

ನಮ್ಮನೆ ಹಾಲಿನಲ್ಲಿ ಎರಡು ಚಿಕ್ಕ ಅಕ್ವೇರಿಯಂ ಇವೆ. ಎರಡರಲ್ಲೂ ಗಿಡ, ಒಂದು ತುಂಡು ಮರ, ಸ್ಪಾಂಜ್ ಫಿಲ್ಟರ್. ಎರಡರಲ್ಲೂ ಇರೋದು ಒಂದೇ ಜಾತಿಯ ಮೀನು, ಕಿಲ್ಲಿ ಮೀನು. ಆರು ಸೆಂಟಿಮೀಟರ್ ದಾಟಲ್ಲ. ಗಂಡಿನ ಮೈ ನೀಲಿ-ಹಸಿರು, ಅದರ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆ. ಹೆಣ್ಣು ಮಾತ್ರ ಕಂದು, ಸಪ್ಪೆ. ಒಂದು ತೊಟ್ಟಿಯ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ‘ಗಾರ್ಡ್ನೆರಿ, ಮಕುರ್ಡಿ’ ಅಂತ ಬರೆದಿದ್ದೆ. ಇನ್ನೊಂದರ ಮೇಲೆ ‘ಗಾರ್ಡ್ನೆರಿ, ಅಕುರೆ’. ಮಕುರ್ಡಿ, ಅಕುರೆ ಎರಡೂ ನೈಜೀರಿಯಾದ ಊರುಗಳು.

ಆವತ್ತು ತೊಟ್ಟಿ ತೊಳೆಯೋಣ ಅಂತ ಮೀನುಗಳನ್ನ ಎರಡು ಬಕೆಟ್ಟಿಗೆ ಹಾಕಿದ್ದೆ. ಅಷ್ಟರಲ್ಲಿ ಅಮ್ಮ, ‘ಬಟ್ಟೆ ನೆನೆಹಾಕ್ಬೇಕು, ಒಂದು ಬಕೆಟ್ ಕೊಡೋ’ ಅಂದ್ರು. ನಾನು ಯೋಚನೆ ಮಾಡದೆ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದುಬಿಟ್ಟೆ. ಅರ್ಧ ಗಂಟೆ ಆದ ಮೇಲೆ ವಾಪಸ್ ಬಿಡೋಕೆ ಹೋದಾಗ ಕೈ ನಿಂತುಹೋಯ್ತು. ಗಂಡುಗಳನ್ನ ನೋಡಿ ನೋಡಿ ಅಭ್ಯಾಸ ಆಗಿತ್ತು, ಗುರುತು ಸಿಕ್ತು. ಐದು ಹೆಣ್ಣುಗಳಿದ್ದವು. ಯಾವುದು ಮಕುರ್ಡಿ, ಯಾವುದು ಅಕುರೆ? ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಈ ಮೀನು ಕೊಟ್ಟ ಗೆಳೆಯನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಲೋ, ಇನ್ಮೇಲೆ ಆ ಮರಿಗಳನ್ನ ಯಾರಿಗೂ ಕೊಡ್ಬೇಡ’ ಅಂದ. ಇದೇ ವಿಷಯ ಇನ್ನೊಬ್ಬ ಫ್ರೆಂಡ್‌ಗೆ ಹೇಳಿದ್ರೆ, ‘ಎರಡೂ ಒಂದೇ ಜಾತಿ ತಾನೇ, ಏನಾಯ್ತು ಮಹಾ?’ ಅಂತ ನಕ್ಕ.

ಏನಾಯ್ತು ಮಹಾ ಅನ್ನೋ ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದೆ. ಮೀನಿನ ಪುಸ್ತಕದಿಂದ ಇತಿಹಾಸದ ಪುಸ್ತಕಕ್ಕೆ ಬಂದುಬಿಟ್ಟೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಆ ಮಾಸ್ಕಿಂಗ್ ಟೇಪ್ ಒಂದು ವೋಚರ್ ಥರ ಕಾಣುತ್ತೆ. ಯಾರಿಂದ ಬಂತು, ಎಲ್ಲಿಂದ ಬಂತು, ಯಾವ ಹೆಸರಿನಲ್ಲಿ ಖಾತೆಗೆ ಏರಿತು, ಎಲ್ಲಾ ಅದರಲ್ಲಿದೆ. ಬನ್ನಿ, ಒಂದೊಂದೇ ಪದ ಬಿಚ್ಚೋಣ.

ಮೊದಲು ‘ಕಿಲ್ಲಿ’. ಇದು ಇನ್ನೊಂದು ಮೀನನ್ನ ಕೊಲ್ಲುತ್ತೆ, ಅದಕ್ಕೇ ಈ ಹೆಸರು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಮ್ಮಮ್ಮನಿಗೂ ಅದೇ ಭಯ ಇತ್ತು. ಅಲ್ಲ. ಡಚ್ ಭಾಷೆಯಲ್ಲಿ ‘ಕಿಲ್’ ಅಂದ್ರೆ ತೊರೆ, ಕಾಲುವೆ. ಇವತ್ತಿನ ನ್ಯೂಯಾರ್ಕ್ 1664ರವರೆಗೆ ಡಚ್ಚರ ಕೈಯಲ್ಲಿತ್ತು, ಆಗ ಅದರ ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್. ಅಲ್ಲಿನ ಹಳ್ಳ-ಕಾಲುವೆಗಳಿಗೆಲ್ಲ ಅವರು ‘ಕಿಲ್’ ಅಂತ ಹೆಸರಿಟ್ಟರು. ನ್ಯೂಜರ್ಸಿಗೂ ಸ್ಟೇಟನ್ ಐಲೆಂಡಿಗೂ ನಡುವೆ ‘ಕಿಲ್ ವಾನ್ ಕುಲ್’ ಅನ್ನೋ ಜಲಮಾರ್ಗ ಈಗಲೂ ಇದೆ. ಆ ಕಾಲುವೆಗಳಲ್ಲಿದ್ದ ಚಿಕ್ಕ ಮೀನುಗಳು ಕಿಲ್ಲಿ ಮೀನುಗಳಾದವು. ಹೆಸರು ಅಮೆರಿಕದ ಮೀನಿಗೆ ಬಂದಿದ್ದು, ಆಮೇಲೆ ಅದೇ ಬಳಗ ಅಂತ ಆಫ್ರಿಕಾದ್ದಕ್ಕೂ ಅಂಟಿಕೊಂಡಿತು. ಕಿಲ್ ವಾನ್ ಕುಲ್ ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಅಲ್ಲಿಗೆ ಹೋಗೋದಿದೆ.

ಈಗ ಪೂರ್ತಿ ವೈಜ್ಞಾನಿಕ ಹೆಸರು: ಫಂಡ್ಯುಲೋಪಾಂಚಾಕ್ಸ್ ಗಾರ್ಡ್ನೆರಿ. ಹಿಂದಿನಿಂದ ಶುರು ಮಾಡ್ತೀನಿ.

‘ಗಾರ್ಡ್ನೆರಿ’ ಅಂದ್ರೆ ಕ್ಯಾಪ್ಟನ್ ಗಾರ್ಡ್ನರ್. ದಕ್ಷಿಣ ನೈಜೀರಿಯಾ ಬ್ರಿಟಿಷರ ಕೈಯಲ್ಲಿದ್ದ ಕಾಲದಲ್ಲಿ ಅಲ್ಲಿಂದ ಈ ಮೀನನ್ನ ಸಂಗ್ರಹಿಸಿ ಕಳಿಸಿದವರು. ಆಗ ‘ನೈಜೀರಿಯಾ’ ಅನ್ನೋ ಒಂದೇ ದೇಶ ಇನ್ನೂ ಆಗಿರಲಿಲ್ಲ. ಉತ್ತರ ಬೇರೆ, ದಕ್ಷಿಣ ಬೇರೆ. ಅವೆರಡನ್ನೂ ಸೇರಿಸಿ ಒಂದು ಮಾಡಿದ್ದು 1914ರಲ್ಲಿ, ಲಾರ್ಡ್ ಲುಗಾರ್ಡ್ ಕಾಲದಲ್ಲಿ. ಆ ಲುಗಾರ್ಡ್ ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ! ಸಾಮ್ರಾಜ್ಯ ಅನ್ನೋದು ಒಂಥರ ಟ್ರಾನ್ಸ್‌ಫರ್ ಇರೋ ಸರ್ಕಾರಿ ನೌಕರಿ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ.

ಮೀನು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಲಂಡನ್ನಿಗೆ ಹೋಯ್ತು. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ಆಲ್ಬರ್ಟ್ ಬೂಲೆಂಜರ್ ಅನ್ನೋ ವಿಜ್ಞಾನಿ ಕೂತಿದ್ದರು. ಬೆಲ್ಜಿಯಮ್ಮಿನವರು. ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಮೀನುಗಳಿಗೆ ಹೆಸರಿಟ್ಟ ಮನುಷ್ಯ. 1890ರಲ್ಲೇ ನಮ್ಮ ಭಾರತದ ಹಾವು, ಹಲ್ಲಿ, ಕಪ್ಪೆಗಳ ಮೇಲೆ ದೊಡ್ಡ ಪುಸ್ತಕ ಬರೆದಿದ್ದರು. ಆಮೇಲೆ 1909ರಿಂದ 1916ರ ನಡುವೆ ಆಫ್ರಿಕಾದ ಸಿಹಿನೀರಿನ ಮೀನುಗಳ ಕ್ಯಾಟಲಾಗನ್ನ ನಾಲ್ಕು ಸಂಪುಟದಲ್ಲಿ ತಂದರು. 1911ರಲ್ಲಿ ಅವರು ನಮ್ಮ ಮೀನಿಗೆ ‘ಫಂಡ್ಯುಲಸ್ ಗಾರ್ಡ್ನೆರಿ’ ಅಂತ ಹೆಸರಿಟ್ಟರು. ಫಂಡ್ಯುಲಸ್ ಅನ್ನೋದು ಅಮೆರಿಕದ ಕಿಲ್ಲಿಗಳ ಕುಲದ ಹೆಸರು. ಹೊಸ ಮೀನು ಹಳೇ ಖಾತೆಗೆ ಜಮಾ ಆಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಪಿರಿಟ್ಟಿನಲ್ಲಿ ಹಾಕಿದ ಮೀನಿನ ಬಣ್ಣ ಉಳಿಯಲ್ಲ. ಆ ನೀಲಿ ಹೋಗುತ್ತೆ, ಕೆಂಪು ಹೋಗುತ್ತೆ. ಮ್ಯೂಸಿಯಂ ಮೇಜಿನ ಮೇಲೆ ಇರೋದು ಒಂದು ಕಂದು ತುಣುಕು. ಹಾಗಾಗಿ ವಿಜ್ಞಾನಿಗಳು ರೆಕ್ಕೆಯ ಕಡ್ಡಿ ಎಷ್ಟು, ಹುರುಪೆ ಎಷ್ಟು ಸಾಲು ಅಂತ ಎಣಿಸಿ ಬರೀತಿದ್ದರು. ಜೀವಂತ ಮೀನನ್ನ ಬಣ್ಣದಿಂದ ಗುರುತು ಹಿಡಿದವರು ಆ ಹಳ್ಳದ ಪಕ್ಕ ಇದ್ದ ಜನ. ಅವರಲ್ಲಿ ಒಬ್ಬರ ಹೆಸರೂ ಈ ಹೆಸರಿನೊಳಗಿಲ್ಲ. ಕ್ಯಾಪ್ಟನ್ ಸಾಹೇಬರು ಪ್ಯಾಂಟ್ ಮಡಚಿಕೊಂಡು ತಾವೇ ಕೆಸರಿಗೆ ಇಳಿದಿರಬಹುದು, ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಮಳೆಕಾಡಿನಲ್ಲಿ ಯಾವ ತೊರೆಗೆ ಯಾವ ದಾರಿ ಅಂತ ತೋರಿಸೋಕೆ ಊರಿನವರು ಇಲ್ಲದೆ ಆ ಕಾಲದಲ್ಲಿ ಯಾವ ಸಂಗ್ರಹವೂ ನಡೀತಿರಲಿಲ್ಲ.

ಹಾಗಂತ ಎಲ್ಲರೂ ಸೈನ್ಯದವರೇ ಅಲ್ಲ. ಮೇರಿ ಕಿಂಗ್ಸ್‌ಲಿ ಅನ್ನೋ ಇಂಗ್ಲಿಷ್ ಮಹಿಳೆ 1890ರ ದಶಕದಲ್ಲಿ ಒಬ್ಬರೇ ಪಶ್ಚಿಮ ಆಫ್ರಿಕಾಕ್ಕೆ ಹೋದರು. 1895ರಲ್ಲಿ ಈಗಿನ ಗ್ಯಾಬೋನ್ ದೇಶದ ಒಗೊವೆ ನದಿಯಲ್ಲಿ ದೋಣಿ ಹತ್ತಿ ಲಂಡನ್ ಮ್ಯೂಸಿಯಮ್ಮಿಗೆ ಮೀನು ಸಂಗ್ರಹಿಸಿದರು. ಖರ್ಚಿಗೆ ಏನು ಮಾಡಿದರು? ವ್ಯಾಪಾರ! ಬಟ್ಟೆ, ತಂಬಾಕು, ಮೀನಿನ ಗಾಳ ಕೊಟ್ಟು ರಬ್ಬರ್, ದಂತ ತಗೊಂಡರು. ಕಾಮರ್ಸ್ ಓದಿದವನಿಗೆ ಇಂಥವರನ್ನ ಕಂಡ್ರೆ ತಾನಾಗೇ ಗೌರವ ಬರುತ್ತೆ. ಅವರ ಹೆಸರು ಮೂರು ಮೀನುಗಳಿಗಿದೆ. ಅವು ಕಿಲ್ಲಿ ಅಲ್ಲ ಅನ್ನೋ ಕಾರಣಕ್ಕೆ ಕಥೆಯನ್ನ ಇಲ್ಲಿಗೇ ಬಿಡ್ತೀನಿ.

ಮುಂದಿನ ಪದ ‘ಪಾಂಚಾಕ್ಸ್’. ಇದು ನೈಜೀರಿಯಾದ್ದೂ ಅಲ್ಲ, ಇಂಗ್ಲಿಷೂ ಅಲ್ಲ, ಲ್ಯಾಟಿನ್ನೂ ಅಲ್ಲ. ಇದು ಬಂಗಾಳದ ಮಾತು. ಗೊತ್ತಾದಾಗ ನಾನು ಎದ್ದು ಕೂತುಬಿಟ್ಟೆ.

ಬುಕಾನನ್ ಹೆಸರು ಕೇಳಿರ್ತೀರಿ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮರುವರ್ಷ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಅಂತ ಲೆಕ್ಕ ಹಾಕೋಕೆ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್. ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಎಲ್ಲಾ ಸುತ್ತಿದರು. ರಾಗಿ ಹೇಗೆ ಬಿತ್ತುತ್ತಾರೆ, ನೇಕಾರರು ಏನು ನೇಯುತ್ತಾರೆ, ಕಬ್ಬಿಣ ಹೇಗೆ ಕರಗಿಸ್ತಾರೆ, ಎಲ್ಲವನ್ನೂ ಬರೆದುಕೊಂಡು 1807ರಲ್ಲಿ ಮೂರು ಸಂಪುಟದ ಪುಸ್ತಕ ತಂದರು. ನಮ್ಮ ಎಷ್ಟೋ ಊರುಗಳ ಆ ಕಾಲದ ಸ್ಥಿತಿ ತಿಳಿಯೋಕೆ ಇವತ್ತಿಗೂ ಅದನ್ನೇ ತೆಗೆದು ನೋಡ್ತಾರೆ.

ಆ ಮನುಷ್ಯ ಆಮೇಲೆ ಬಂಗಾಳದಲ್ಲಿ ಸರ್ವೆ ಮಾಡಿದರು. ಅಲ್ಲಿ ಅವರಿಗೆ ಮೀನಿನ ಹುಚ್ಚು ಹಿಡೀತು. ಬಂಗಾಳದ ಕಲಾವಿದರಿಂದ ಚಿತ್ರ ಬರೆಸಿ, ಮೀನುಗಾರರ ಬಾಯಲ್ಲಿದ್ದ ಹೆಸರುಗಳನ್ನ ಕೇಳಿ ಬರೆದುಕೊಂಡರು. ಊರಿಗೆ ವಾಪಸ್ ಹೋಗಿ ಹ್ಯಾಮಿಲ್ಟನ್ ಅಂತ ಹೆಸರು ಬದಲಾಯಿಸಿಕೊಂಡು, 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಪ್ರಕಟಿಸಿದರು. ಅವರ ಒಂದು ಒಳ್ಳೇ ಗುಣ ಅಂದ್ರೆ ಸ್ಥಳೀಯ ಹೆಸರನ್ನೇ ವೈಜ್ಞಾನಿಕ ಹೆಸರಿನಲ್ಲಿ ಉಳಿಸಿಕೊಂಡಿದ್ದು. ನಾವು ತಿನ್ನೋ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನಲ್ಲಿ ರೋಹಿತ, ಕಾಟ್ಲಾ ಅಂತಿರೋದು ಅವರಿಂದಲೇ. ಹಾಗೇ ನೀರಿನ ಮೇಲ್ಪದರದಲ್ಲೇ ತಿರುಗೋ ಒಂದು ಪುಟ್ಟ ಮೀನಿಗೆ ಅಲ್ಲಿನ ಜನ ಹೇಳ್ತಿದ್ದ ಹೆಸರನ್ನ ‘ಪಾಂಚಾಕ್ಸ್’ ಅಂತ ಬರೆದರು. ಅದರ ಹತ್ತಿರದ ನೆಂಟ ನಮ್ಮ ಕರ್ನಾಟಕದಲ್ಲೂ ಇದೆ. ಹಳ್ಳ, ಗದ್ದೆ, ಹಳೇ ಬಾವಿ ಬಗ್ಗಿ ನೋಡಿದ್ರೆ ತಲೆ ಮೇಲೆ ಬೆಳ್ಳಿ ಚುಕ್ಕೆ ಹೊಳೆಯೋ ಸಣ್ಣ ಮೀನು ಕಂಡಿರ್ತೀರಿ. ಅದೂ ಕಿಲ್ಲಿಯೇ.

1846ರಲ್ಲಿ ಫ್ರಾನ್ಸಿನ ವಾಲೆನ್ಸಿಯೆನ್ ಆ ಪದವನ್ನೇ ಎತ್ತಿ ಒಂದು ಕುಲದ ಹೆಸರು ಮಾಡಿದರು. ನೋಡೋಕೆ ಹಾಗೇ ಇದ್ದ ಆಫ್ರಿಕಾದ ಮೀನುಗಳನ್ನೂ ಮುಂದೆ ಎಷ್ಟೋ ಜನ ಪಾಂಚಾಕ್ಸ್ ಅಂತಲೇ ಕರೆದರು. ಬಂಗಾಳದ ಯಾವುದೋ ಬೆಸ್ತರ ಕೇರಿಯ ಮಾತು ಬೆನಿನ್ ಕೊಲ್ಲಿಯ ಮೀನಿಗೆ ಹತ್ತಿಕೊಂಡಿದ್ದು ಹೀಗೆ. ಕ್ಯಾಪ್ಟನ್ನಿನ ಹೆಸರು ಉಳೀತು, ಹೆಸರೇ ಇಲ್ಲದ ಬಂಗಾಳಿ ಮೀನುಗಾರರ ಮಾತೂ ಉಳೀತು. ಆದರೆ ಆ ಮೀನು ಹುಟ್ಟಿದ ಹಳ್ಳದವರ ಭಾಷೆಯ ಒಂದು ಅಕ್ಷರವೂ ಅದರಲ್ಲಿಲ್ಲ. ಇದು ನನಗೆ ಸ್ವಲ್ಪ ಚುಚ್ಚುತ್ತೆ.

ಈಗ ಕಿಲ್ ವಾನ್ ಕುಲ್‌ಗೆ ವಾಪಸ್. ಅದರಿಂದ ಕೆಲವೇ ಕಿಲೋಮೀಟರ್ ದೂರದ ಜರ್ಸಿ ಸಿಟಿಯಲ್ಲಿ 1905ರಲ್ಲಿ ಜಾರ್ಜ್ ಮೈಯರ್ಸ್ ಅನ್ನೋ ಹುಡುಗ ಹುಟ್ಟಿದ. ಚಿಕ್ಕಂದಿನಿಂದ ಅಕ್ವೇರಿಯಂ ಹುಚ್ಚು. ಹದಿಹರೆಯದಲ್ಲೇ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಹೋಗಿ ಬಾಟಲಿ ಮೀನುಗಳನ್ನ ನೋಡ್ತಾ ಕೂರ್ತಿದ್ದ. 1924ರಲ್ಲಿ, ಅಂದ್ರೆ ಹತ್ತೊಂಬತ್ತನೇ ವಯಸ್ಸಿನಲ್ಲಿ, ದೊಡ್ಡ ವಿಜ್ಞಾನಿಗಳು ಕಲಸಿಟ್ಟಿದ್ದ ಆಫ್ರಿಕಾದ ಕಿಲ್ಲಿಗಳನ್ನ ಬೇರೆ ಮಾಡಿ ಎರಡು ಹೊಸ ಹೆಸರು ಕೊಟ್ಟ. ಒಂದು ಅಫಿಯೋಸೆಮಿಯಾನ್, ಅಂದ್ರೆ ಬಾವುಟ ಹಿಡಿದ ಪುಟ್ಟ ಮೀನು. ಇನ್ನೊಂದು, ಅಮೆರಿಕದ ಫಂಡ್ಯುಲಸ್ಸನ್ನೂ ಬಂಗಾಳದ ಪಾಂಚಾಕ್ಸನ್ನೂ ಜೋಡಿಸಿದ ಫಂಡ್ಯುಲೋಪಾಂಚಾಕ್ಸ್. ನಮ್ಮ ಗಾರ್ಡ್ನೆರಿ ಎಷ್ಟೋ ವರ್ಷ ಅಫಿಯೋಸೆಮಿಯಾನ್ ಆಗಿಯೇ ಇತ್ತು, ಹಳೇ ಪುಸ್ತಕಗಳಲ್ಲಿ ಹಾಗೇ ಸಿಗುತ್ತೆ. ಆಮೇಲೆ ಎರಡನೇ ಮನೆಗೆ ಹೋಯ್ತು. ಎರಡೂ ಮನೆಗೂ ಬಾಗಿಲು ಹಾಕಿದವನು ಅದೇ ಹುಡುಗ. ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಸ್ಟ್ ಅಕೌಂಟಿಂಗ್ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಿದ್ದೆ, ಅಷ್ಟೇ.

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಸತ್ತ ಮೀನಿನ ಕಥೆ. ಜೀವಂತ ಮೀನು ಬಂದಿದ್ದು ಹಡಗಿನಲ್ಲಿ. ಜರ್ಮನಿಯ ಹ್ಯಾಂಬರ್ಗ್ ಬಂದರು ಆಗ ಅಕ್ವೇರಿಯಂ ಮೀನಿನ ದೊಡ್ಡ ಬಾಗಿಲು. ಆಫ್ರಿಕಾದ ಕರಾವಳಿಗೆ ಹೋಗಿಬರೋ ಹಡಗುಗಳಲ್ಲಿ ಡಬ್ಬಿಗಟ್ಟಲೆ ಮೀನು ಬರ್ತಿದ್ದವು. ಗ್ಯಾಬೋನಿನ ಕೇಪ್ ಲೋಪೆಜ್ ಕಡೆಯ, ಬಾಲ ವೀಣೆಯಂತೆ ಕವಲೊಡೆದ ಕಿತ್ತಳೆ-ಕಂದು ಕಿಲ್ಲಿ ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಹೀಗೇ ಯುರೋಪಿಗೆ ಬಂತು. 1921ರಲ್ಲಿ ಅದಕ್ಕೆ ಹೆಸರು ಕೊಟ್ಟವರು ಹ್ಯಾಂಬರ್ಗಿನ ಅಕ್ವೇರಿಯಂ ಪ್ರಿಯ ಆರ್ಥರ್ ರಾಕೋವ್. ಆ ಮೀನಿನ ಸಂತತಿ ನೂರು ವರ್ಷದ ಮೇಲೂ ಜನರ ಮನೆಗಳಲ್ಲಿ ಬೆಳೀತಿದೆ. ಈ ನಡುವೆ ಯುದ್ಧದಲ್ಲಿ ಜರ್ಮನಿ ತನ್ನ ಕ್ಯಾಮೆರೂನ್ ವಸಾಹತನ್ನೇ ಕಳಕೊಂಡು, ಅದನ್ನ ಬ್ರಿಟನ್ ಮತ್ತು ಫ್ರಾನ್ಸ್ ಹಂಚಿಕೊಂಡವು. ಮೀನಿನ ತೊಟ್ಟಿ ಮಾತ್ರ ಕೈ ಬದಲಾಯಿಸುತ್ತಾ ನಡೀತು.

ಆದರೆ ನನ್ನ ಬಕೆಟ್ ಪ್ರಶ್ನೆಗೆ ಉತ್ತರ ಇರೋದು 1960ರ ಆಸುಪಾಸಿನಲ್ಲಿ.

ಘಾನಾ 1957ರಲ್ಲಿ, ನೈಜೀರಿಯಾ 1960ರ ಅಕ್ಟೋಬರ್ 1ರಂದು ಸ್ವತಂತ್ರವಾದವು. ಆ ದಿನಗಳಲ್ಲಿ ನೈಜೀರಿಯಾದಲ್ಲಿ ಕ್ಲಾಸೆನ್ ಅನ್ನೋ ಡೆನ್ಮಾರ್ಕಿನ ಜೀವಶಾಸ್ತ್ರಜ್ಞ ಹೊಳೆ ಹೊಳೆ ಸುತ್ತಿ ಮೀನು ಹಿಡೀತಿದ್ದರು. 1963ರಲ್ಲಿ ಅವರು ಗಾರ್ಡ್ನೆರಿಗೆ ತುಂಬಾ ಹತ್ತಿರದ ಮೀನೊಂದಕ್ಕೆ ಆ ದೇಶದ ಹೆಸರನ್ನೇ ಇಟ್ಟರು. ಈಗ ಅದನ್ನ ಗಾರ್ಡ್ನೆರಿಯ ಉಪಜಾತಿ, ನೈಜೀರಿಯೇನಸ್, ಅಂತಾರೆ. ಕೊನೆಗೂ ಹೆಸರಿನಲ್ಲಿ ಊರು ಬಂತು.

ಅದೇ ಡೆನ್ಮಾರ್ಕಿನಲ್ಲಿ ಯೋರ್ಗೆನ್ ಸ್ಕೀಲ್ ಅನ್ನೋ ಇನ್ನೊಬ್ಬರಿದ್ದರು. ವೃತ್ತಿಯಲ್ಲಿ ಸೈನ್ಯದ ಅಧಿಕಾರಿ, ಕರ್ನಲ್. ಪ್ರವೃತ್ತಿಯಲ್ಲಿ ಕಿಲ್ಲಿ ಸಾಕಣೆ. ಇವರು ಬೇರೆ ಬೇರೆ ಊರಿನಿಂದ ಬಂದ, ನೋಡೋಕೆ ಒಂದೇ ಥರ ಇದ್ದ ಮೀನುಗಳನ್ನ ಜೋಡಿ ಮಾಡಿಸಿ ನೋಡಿದರು. ಎಷ್ಟೋ ಸಲ ಹುಟ್ಟಿದ ಮರಿಗಳಿಗೆ ಮುಂದೆ ಸಂತಾನವೇ ಆಗಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ ಎಣಿಸಿದರು. ಕಣ್ಣಿಗೆ ಅವಳಿ-ಜವಳಿ ಥರ ಕಾಣೋ ಮೀನುಗಳಲ್ಲಿ ಕ್ರೋಮೋಸೋಮ್ ಸಂಖ್ಯೆಯೇ ಬೇರೆ ಬೇರೆ! ಮ್ಯೂಸಿಯಮ್ಮಿನಲ್ಲಿ ಹುರುಪೆ ಎಣಿಸಿ ಒಂದೇ ಅಂದಿದ್ದು ಒಳಗಡೆ ಒಂದೇ ಅಲ್ಲ. 1968ರಲ್ಲಿ ಅವರು ತಂದ ದಪ್ಪ ಪುಸ್ತಕ ಕಿಲ್ಲಿ ಸಾಕೋರಿಗೆ ತಲೆಮಾರುಗಳ ಕಾಲ ಆಧಾರಗ್ರಂಥ ಆಯ್ತು.

ಯಾಕೆ ಹೀಗೆ? ಈ ಮೀನುಗಳು ದೊಡ್ಡ ನದಿಯಲ್ಲಿ ಈಜೋ ಜಾತಿ ಅಲ್ಲ. ಮೊಣಕಾಲು ಮುಳುಗದ ತೊರೆ, ಕಾಡಂಚಿನ ಜೌಗು, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರು, ಅಲ್ಲೇ ಅವುಗಳ ವಾಸ. ದೊಡ್ಡ ನದಿ ಅಂದ್ರೆ ಅವಕ್ಕೆ ಹೆದ್ದಾರಿ ಅಲ್ಲ, ಗೋಡೆ. ಅಕುರೆ ಇರೋದು ಓಂಡೋ ರಾಜ್ಯದಲ್ಲಿ. ಮಕುರ್ಡಿ ಬೆನ್ಯುವೆ ನದಿಯ ದಡದಲ್ಲಿ. ಎರಡರ ನಡುವಿನ ದೂರ ಹೆಚ್ಚುಕಡಿಮೆ ಬೆಂಗಳೂರಿಂದ ಹುಬ್ಬಳ್ಳಿಗೆ ಇರೋವಷ್ಟು, ಮಧ್ಯದಲ್ಲಿ ನೈಜರ್ ನದಿ ಬೇರೆ. ನಮ್ಮ ಭಾಷೆ ಹೇಗೆ ಮಂಗಳೂರಿಗೊಂದು, ಧಾರವಾಡಕ್ಕೊಂದು ಥರ ಆಯ್ತೋ ಹಾಗೇ ಪ್ರತಿ ತೊರೆಯ ಮೀನೂ ತನ್ನ ದಾರಿ ಹಿಡೀತು. ಕೆಲವು ಅಷ್ಟು ದೂರ ಹೋದವು, ಮತ್ತೆ ಮಾತಾಡೋಕೆ ಬರದಷ್ಟು.

1960ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ಕಿಲ್ಲಿ ಸಾಕೋರ ಸಂಘಗಳು ಹುಟ್ಟಿದವು. ಅವರು ಒಂದು ಕಟ್ಟುನಿಟ್ಟಿನ ಪದ್ಧತಿ ಬೆಳೆಸಿಕೊಂಡರು. ಜಾತಿಯ ಹೆಸರಿನ ಜತೆ ಮೀನು ಹಿಡಿದ ಊರಿನ ಹೆಸರು ಇರ್ಲೇಬೇಕು, ಕೆಲವದಕ್ಕೆ ಹಿಡಿದವರ ಕೋಡ್ ಮತ್ತು ವರ್ಷ ಕೂಡ. ಒಂದು ಊರಿನ ಮೀನನ್ನ ಇನ್ನೊಂದು ಊರಿನದ್ದರ ಜತೆ ಬೆರೆಸೋ ಹಾಗಿಲ್ಲ. ಬೆರೆತರೆ ಅದನ್ನ ಹಂಚೋ ಹಾಗಿಲ್ಲ. ಇದಕ್ಕೆ ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ನಂಬಿಕೆ ಮೇಲೆ ನಡೆಯೋ ಖಾತೆ.

ಮತ್ತೆ ಹಂಚೋದು ಹೇಗೆ ಗೊತ್ತಾ? ಅಂಚೆಯಲ್ಲಿ. ಹೆಣ್ಣು ಕಿಲ್ಲಿ ದಿನಾ ಕೆಲವೇ ಮೊಟ್ಟೆಗಳನ್ನ ಪಾಚಿ, ಗಿಡದ ಬೇರಿನ ನಡುವೆ ಅಂಟಿಸುತ್ತೆ. ಸಣ್ಣ ಗಾಜಿನ ಮಣಿ ಥರ ಇರುತ್ತೆ, ಬೆರಳಲ್ಲಿ ಎತ್ತಿದ್ರೂ ಒಡೆಯಲ್ಲ. ಗಾರ್ಡ್ನೆರಿ ಮೊಟ್ಟೆ ನೀರಿನಲ್ಲೇ ಇಟ್ಟರೆ ಎರಡು-ಮೂರು ವಾರಕ್ಕೆ ಮರಿಯಾಗುತ್ತೆ. ಒದ್ದೆ ಮಾಡಿ ಹಿಂಡಿದ ಪೀಟ್ ಮಾಸ್‌ನಲ್ಲಿ ಸುತ್ತಿಟ್ಟರೂ ಸಾಯಲ್ಲ, ತೇವದಲ್ಲೇ ಬೆಳೆಯುತ್ತೆ. ಸಿಯೆರಾ ಲಿಯೋನ್ ಕಡೆಯ ಕ್ಯಾಲೋಪಾಂಚಾಕ್ಸ್ ಅನ್ನೋ ನೆಂಟರ ಮೊಟ್ಟೆಗಳಂತೂ ಬೇಸಿಗೆಯಲ್ಲಿ ಒಣಗಿದ ಜೌಗಿನ ಮಣ್ಣಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮಳೆ ಬಂದಾಗ ಏಳ್ತವೆ. ಅಂದ್ರೆ ಒಂದು ಚಿಕ್ಕ ಪ್ಲಾಸ್ಟಿಕ್ ಕವರ್, ಒಂದು ಹಿಡಿ ಒದ್ದೆ ಪೀಟ್, ಒಳಗೆ ಇಪ್ಪತ್ತು ಮೊಟ್ಟೆ, ಮೇಲೆ ಒಂದು ಚೀಟಿ. ಲಕೋಟೆಗೆ ಹಾಕಿ ಸ್ಟಾಂಪ್ ಅಂಟಿಸಿದರೆ ಕೋಪನ್‌ಹೇಗನ್ನಿಂದ ಚಿಕಾಗೋಗೆ ಒಂದು ತೊರೆಯ ವಂಶವೇ ಹೋಗಿಬಿಡುತ್ತೆ. ಲಕೋಟೆ ಬಿಚ್ಚಿದವರಿಗೆ ಕಾಣೋದು ಬರೀ ಕಂದು ಪುಡಿ. ಅದು ಏನು ಅಂತ ಹೇಳೋದು ಆ ಚೀಟಿ ಮಾತ್ರ. ಚೀಟಿ ಕಳೆದುಹೋದರೆ ಅದು ತೋಟದ ಗೊಬ್ಬರ.

ತೊಟ್ಟಿಯ ಗಿಡದ ಬಗ್ಗೆ ಹೇಳದೆ ಇದ್ರೆ ಕಥೆ ಅರ್ಧ ಆಗುತ್ತೆ. ನನ್ನ ತೊಟ್ಟಿಯಲ್ಲಿ ಮರದ ತುಂಡಿಗೆ ದಾರದಲ್ಲಿ ಕಟ್ಟಿರೋದು ಅನುಬಿಯಾಸ್. ಗಟ್ಟಿ ಎಲೆ, ನಿಧಾನ ಬೆಳವಣಿಗೆ, ಬೆಳಕು ಕಡಿಮೆ ಇದ್ರೂ ಬದುಕುತ್ತೆ. ಬೆಂಗಳೂರಿನ ಯಾವ ಅಕ್ವೇರಿಯಂ ಅಂಗಡಿಗೆ ಹೋದ್ರೂ ಸಿಗುತ್ತೆ. ಅದರ ಗಡ್ಡೆಯನ್ನ ಮರಳಲ್ಲಿ ಹೂಳಬೇಡಿ, ಕೊಳೆತುಹೋಗುತ್ತೆ. ನಾನು ಮೊದಲನೇ ಗಿಡ ಹಾಗೇ ಸಾಯಿಸಿದ್ದು. ಇದೂ ಪಶ್ಚಿಮ ಆಫ್ರಿಕಾದ್ದೇ. ಪೂರ್ತಿ ಹೆಸರು ಅನುಬಿಯಾಸ್ ಬಾರ್ಟೆರಿ. ಯಾರು ಈ ಬಾರ್ಟರ್?

1857ರಲ್ಲಿ ಬೈಕಿ ಅನ್ನೋ ಡಾಕ್ಟರ್ ನೇತೃತ್ವದಲ್ಲಿ ನೈಜರ್ ನದಿಯ ಮೇಲೆ ಒಂದು ಬ್ರಿಟಿಷ್ ತಂಡ ಹೊರಟಿತು. ಹಡಗಿನ ಹೆಸರು ಡೇಸ್ಪ್ರಿಂಗ್. ಅದರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಪಾದ್ರಿಯಾಗಿದ್ದ, ಮುಂದೆ ಬಿಷಪ್ ಆದ ಯೊರುಬಾ ವಿದ್ವಾಂಸ ಸ್ಯಾಮ್ಯುಯಲ್ ಕ್ರೌಥರ್ ಇದ್ದರು. ಗಿಡ ಸಂಗ್ರಹಿಸೋಕೆ ಚಾರ್ಲ್ಸ್ ಬಾರ್ಟರ್ ಇದ್ದರು. ಹಡಗು ಬಂಡೆಗೆ ಬಡಿದು ಒಡೆಯಿತು. ತಂಡ ನದಿ ದಡದಲ್ಲೇ ಉಳೀತು. ಬಾರ್ಟರ್ ಗಿಡ ಒಣಗಿಸಿ ಕಳಿಸ್ತಲೇ ಇದ್ದು, 1859ರಲ್ಲಿ ರಬ್ಬಾ ಅನ್ನೋ ಊರಲ್ಲಿ ಕಾಯಿಲೆ ಬಿದ್ದು ಸತ್ತರು. ಮರುವರ್ಷ ಈ ಗಿಡಕ್ಕೆ ಅವರ ಹೆಸರು ಬಂತು. ಅವರ ಜಾಗಕ್ಕೆ ಹೋದ ಗುಸ್ತಾವ್ ಮಾನ್ ಆಮೇಲೆ ನಮ್ಮ ಅಸ್ಸಾಮಿನ ಅರಣ್ಯ ಇಲಾಖೆಗೆ ಬಂದರು. ಮತ್ತೆ ಅದೇ ಟ್ರಾನ್ಸ್‌ಫರ್ ಕಥೆ! ಅಂಗಡಿಯಲ್ಲಿ ಇದನ್ನ ತಗೊಂಡಾಗ ಚೀಟಿಯಲ್ಲಿ ಬರೀ ರೇಟ್ ಇತ್ತು.

ಸಾಕಬೇಕು ಅನ್ನೋರಿಗೆ ಎರಡು ಮಾತು. ಇವು ಬಿಸಿಲು ನಾಡಿನವು ಅಂತ ಹೀಟರ್ ಹಾಕಬೇಡಿ. ನೆರಳಿನ ತೊರೆಯ ಮೀನು, 22ರಿಂದ 25 ಡಿಗ್ರಿ ಸಾಕು, ವರ್ಷದ ಬಹುಪಾಲು ಬೆಂಗಳೂರಿನ ಹವೆಯೇ ಸರಿಹೋಗುತ್ತೆ. ಮೇಲೆ ತೇಲೋ ಗಿಡ ಇರಲಿ, ಮಬ್ಬುಬೆಳಕಲ್ಲೇ ಇವುಗಳ ಬಣ್ಣ ಏಳೋದು. ಮುಚ್ಚಳ ಮಾತ್ರ ಬಿಗಿಯಾಗಿರಬೇಕು, ವೈರ್ ಹೋಗೋ ಸಂದಿಯಲ್ಲೂ ಹಾರಿಬಿಡ್ತವೆ. ಬೆಳಗ್ಗೆ ಎದ್ದು ಸೋಫಾ ಕೆಳಗೆ ಹುಡುಕೋ ಪರಿಸ್ಥಿತಿ ಬೇಡ. ಮತ್ತೆ, ಸಾಕಾಯ್ತು ಅಂತ ಕೆರೆಗೆ ಬಿಡಬೇಡಿ. ಅಲ್ಲಿ ನಮ್ಮ ಬೆಳ್ಳಿ ಚುಕ್ಕೆಯವರು ಇದ್ದಾರೆ.

ಅಲ್ಲಿನ ತೊರೆಗಳ ಸ್ಥಿತಿ ಏನು? ಮಕುರ್ಡಿ, ಅಕುರೆ ಎರಡೂ ಇವತ್ತು ರಾಜ್ಯದ ರಾಜಧಾನಿಗಳು, ದೊಡ್ಡ ಊರುಗಳು. ರಸ್ತೆ, ಲೇಔಟ್, ಚರಂಡಿ, ಬೆಂಗಳೂರಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. ದಕ್ಷಿಣಕ್ಕೆ ನೈಜರ್ ಮುಖಜಭೂಮಿಯಲ್ಲಿ ಫಂಡ್ಯುಲೋಪಾಂಚಾಕ್ಸ್ ಪೋವೆಲಿ ಅನ್ನೋ ಇದರ ದಾಯಾದಿ ಇದೆ. ಅದಕ್ಕೆ ಹೆಸರು ಬಂದಿದ್ದೇ 1994ರಲ್ಲಿ. ಅಷ್ಟರಲ್ಲಿ ಅಲ್ಲಿ ಎಣ್ಣೆ ತೆಗೆಯೋಕೆ ಶುರುವಾಗಿ ಸುಮಾರು ನಲವತ್ತು ವರ್ಷ ಆಗಿತ್ತು. 1956ರಲ್ಲಿ ಒಲೊಯಿಬಿರಿ ಅನ್ನೋ ಊರಲ್ಲಿ ಎಣ್ಣೆ ಸಿಕ್ಕಿತ್ತು. ಹೆಸರಿಡೋಕೆ ಮುಂಚೆ ಅಲ್ಲಿ ಏನೇನಿತ್ತು ಅನ್ನೋದಕ್ಕೆ ಖಾತೆಯೇ ಇಲ್ಲ.

ಸರಿ, ನನ್ನ ತೊಟ್ಟಿಗೆ ಬರ್ತೀನಿ. ಬಕೆಟ್ ಭಾನುವಾರದ ನಂತರ ಪಾಚಿಯಲ್ಲಿ ಮೊಟ್ಟೆ ಸಿಕ್ಕವು. ಈಗ 23 ಮರಿಗಳಿವೆ. ಗೆಳೆಯ, ‘ಹೊಸ ಜೋಡಿ ಕೊಡ್ತೀನಿ, ಆದ್ರೆ ಆ ಹೆಣ್ಣುಗಳನ್ನ ಬೇರೆ ಇಡು’ ಅಂದಿದ್ದಾನೆ. ಇಟ್ಟಿದ್ದೀನಿ. ಮರಿಗಳ ಫೋಟೋ ಸ್ಟೇಟಸ್‌ನಲ್ಲಿ ಹಾಕಿದ್ದೇ ತಪ್ಪಾಯ್ತು. ಒಬ್ಬರು ಮೆಸೇಜ್ ಮಾಡಿ, ‘ಮಕುರ್ಡಿ ಅಂದ್ರೆ ಜೋಡಿಗೆ ಎಂಟುನೂರು ಕೊಡ್ತೀನಿ, ಬರೀ ಗಾರ್ಡ್ನೆರಿ ಅಂದ್ರೆ ಬೇಡ’ ಅಂದ್ರು. ಹನ್ನೊಂದು ಜೋಡಿ ಅಂದ್ರೆ ಎಂಟು ಸಾವಿರದ ಎಂಟುನೂರು. ಲೆಕ್ಕ ಹಾಕಲಿಲ್ಲ ಅಂತ ಸುಳ್ಳು ಹೇಳಲ್ಲ. ಮರಿಗಳು ಚೆನ್ನಾಗಿವೆ, ಬಣ್ಣ ಬರ್ತಿದೆ, ಯಾರಿಗೂ ಗೊತ್ತಾಗಲ್ಲ. ಅವರು ಅದನ್ನ ಮಕುರ್ಡಿ ಅಂತಲೇ ಇನ್ನೊಬ್ಬರಿಗೆ ಕೊಡ್ತಾರೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ.

ಅಕೌಂಟ್ಸ್‌ನಲ್ಲಿ ಮೂಲ ಗೊತ್ತಿಲ್ಲದ ಹಣ ಬಂದರೆ ಅದನ್ನ ಆದಾಯ ಅಂತ ಬರೆಯೋ ಹಾಗಿಲ್ಲ. ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಇಡಬೇಕು. ಅವರಿಗೆ ‘ಇಲ್ಲ ಸರ್, ಕೊಡೋಕಾಗಲ್ಲ’ ಅಂತ ರಿಪ್ಲೈ ಮಾಡಿದೆ. ಮೂರನೇ ತೊಟ್ಟಿ ಒಂದನ್ನ ಬಾಲ್ಕನಿ ಬಾಗಿಲ ಪಕ್ಕ ಇಟ್ಟೆ. ಅಮ್ಮ ‘ಇನ್ನೂ ಒಂದಾ?’ ಅಂದ್ರು. 23 ಮರಿಗಳನ್ನೂ ಎಣಿಸಿ ಬಿಟ್ಟೆ. ಮಾಸ್ಕಿಂಗ್ ಟೇಪ್ ಹರಿದು ಅಂಟಿಸಿ, ಈ ಸಲ ನೀರಿಗೆ ಅಳಿಸದ ಮಾರ್ಕರಲ್ಲಿ ಬರೆದೆ: ‘ಗಾರ್ಡ್ನೆರಿ. ಊರು ಗೊತ್ತಿಲ್ಲ. ಕೊಡುವಂತಿಲ್ಲ.’